ಕಾಗದಕ್ಕೆ ಬಾರದ ಕಲಿತನ

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದ ಹೆಸರನ್ನು ಕೇಳದ ಕನ್ನಡಿಗರು ಕಡಿಮೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದಂದಿನಿಂದ ಶಾಲೆಯ ಹುಡುಗರೂ ಅದರ ಕಾಲವನ್ನು ಸುಮಾರು ಕ್ರಿ.ಶ. 450 ಎಂದು ಬಾಯಿಪಾಠ ಮಾಡುತ್ತ ಬಂದಿದ್ದಾರೆ. ಆದರೆ ಆ ಕಲ್ಲಿನ ಮೇಲೆ ಬರೆದಿರುವುದೇನು ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ಬರೆದಿರುವುದು ಒಬ್ಬ ಯೋಧನಿಗೆ ಸಂದ ಮರ್ಯಾದೆಯ ಸಂಗತಿ. ವಿಜ ಅರಸನೆಂಬವನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕಾಗಿ ಅವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಹಳ್ಳಿಗಳನ್ನು ‘ಬಾಳ್ಗಚ್ಚು’ ಆಗಿ ಬಿಟ್ಟುಕೊಟ್ಟರು. ಬಾಳ್ಗಚ್ಚು ಎಂದರೆ ಕತ್ತಿ ತೊಳೆಯುವುದು. ನೆತ್ತರಾದ ಕತ್ತಿಯನ್ನು ತೊಳೆದು ಕೊಟ್ಟ ಉಂಬಳಿ. ಅದನ್ನು ಕೊಟ್ಟುದು ಎರಡು ನಾಡುಗಳ ವೀರರ ಎದುರಿಗೆ. ಕೊಟ್ಟುದನ್ನು ಅಳಿದವನಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಅದರಲ್ಲಿದೆ.

ಈ ಕಲ್ಲನ್ನು ಕುರಿತು ಯೋಚಿಸಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಕನ್ನಡದ ಅತಿ ಹಳೆಯ ಬರವಣಿಗೆಗಳಲ್ಲೊಂದು ದೇವರ ಸ್ತುತಿಗೂ ಅಲ್ಲ, ಪ್ರೇಮಕ್ಕೂ ಅಲ್ಲ, ಸೈನಿಕನ ಕೆಲಸವನ್ನು ದಾಖಲೆಗೆ ತರುವುದಕ್ಕೆ ಹುಟ್ಟಿತು. ಅಂಥ ದಾಖಲೆಗೆ ಏನೇನು ಬೇಕೋ ಅಷ್ಟೂ ಅದರಲ್ಲಿದೆ: ಮಾಡಿದ ಕೆಲಸ, ಅದಕ್ಕೆ ಸಂದ ಮನ್ನಣೆ, ನೋಡಿದ ಸಾಕ್ಷಿಗಳು, ತಿದ್ದಿ ಕೆಡಿಸುವವನಿಗೆ ಶಾಪ. ಇವುಗಳಲ್ಲಿ ಮೂರನೆಯದನ್ನು, ಎಂದರೆ ಸಾಕ್ಷಿಗಳ ಮಾತನ್ನು, ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಈ ಲೇಖನದ ವಿಷಯವೆಲ್ಲ ಅದೇ.

ಹಲ್ಮಿಡಿಯ ಬಳಿಕ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಮ್ಮ ನಾಡು ಈ ಬಗೆಯ ಲೆಕ್ಕವನ್ನು ಕಲ್ಲಿನಲ್ಲಿ ಇಟ್ಟಿತು. ತುರು ಕಾಯಲು ಹೋಗಿ ಸತ್ತವನು, ಊರಳಿವಿನಲ್ಲಿ ಬಿದ್ದವನು, ಒಡೆಯನಿಗಾಗಿ ತಲೆ ಕೊಟ್ಟವನು, ಎಲ್ಲರಿಗೂ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ನೋಟ, ಮೇಲೆ ಶಿವಸನ್ನಿಧಿ. ಸತ್ತವನ ಮಕ್ಕಳಿಗೆ ಕಲ್ನಾಡು, ನೆತ್ತರುಗೊಡಗೆ ಎಂದು ಭೂಮಿ. ಬದುಕಿ ಬಂದವನು ತಾನೇ ಕೇಳಿ ಪಡೆದುದೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ 949ನೆಯ ಇಸವಿಯ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಿದ ಮಣಲೇರನಿಗೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತಿತು. ಅದರ ಸಾವೂ ಅದೇ ಕಲ್ಲಿನಲ್ಲಿ ದಾಖಲಾಯಿತು.

ವೀರಗಲ್ಲಿನ ದೊಡ್ಡ ಗುಣವೆಂದರೆ ಅದು ಊರಲ್ಲೇ ಇರುತ್ತಿತ್ತು. ಸತ್ತವನನ್ನು ಬಲ್ಲವರು, ಕಾದಾಟ ಕಂಡವರು, ಅವನ ಹೆಂಡತಿ ಮಕ್ಕಳು ದಿನವೂ ಅದರ ಮುಂದೆ ಓಡಾಡುತ್ತಿದ್ದರು. ಹೆಸರು ತಪ್ಪಾಗಿ ಕೆತ್ತಿದ್ದರೆ ಮಾರನೆಯ ದಿನವೇ ಯಾರಾದರೊಬ್ಬರು ಕಲ್ಕುಟಿಗನನ್ನು ಹಿಡಿದು ಕೇಳುತ್ತಿದ್ದರು. ಇಂದಿನ ಸೈನಿಕನ ಸ್ಥಿತಿ ಹಾಗಲ್ಲ. ಅವನು ಹುಟ್ಟುವ ಊರೊಂದು, ಕಾದುವ ಗಡಿ ಇನ್ನೊಂದು. ಅವನ ಹೆಸರಿನ ಕಡತ ಇರುವ ಕಚೇರಿ ಮತ್ತೆಲ್ಲೋ. ಈ ಮೂರರ ನಡುವೆ ಸೇತುವೆ ಕಾಗದವೊಂದೇ. ಅದು ಮುರಿದರೆ ಕೆಲಸ ಅತ್ತ, ಮನುಷ್ಯ ಇತ್ತ.

ಸ್ವತಂತ್ರ ಭಾರತದಲ್ಲಿ ಪರಮವೀರ, ಮಹಾವೀರ, ವೀರ ಎಂಬ ಮೂರು ಚಕ್ರಗಳನ್ನು 1950ರ ಜನವರಿ 26ರಂದು ಸ್ಥಾಪಿಸಿದರು. 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಿದರು. ಕಾಶ್ಮೀರದಲ್ಲಿ ಆಗಲೇ ಕಾದಿ ಬಿದ್ದವರಿಗೆ ಅನ್ಯಾಯವಾಗಬಾರದೆಂಬ ವಿವೇಕ ಅದರಲ್ಲಿತ್ತು. ಹಿಂದೆ ನಡೆದುದಕ್ಕೆ ಮುಂದೆ ಮನ್ನಣೆ ಕೊಡಬಹುದೆಂಬ ತತ್ತ್ವವನ್ನು ಸರ್ಕಾರ ಆ ದಿನವೇ ಒಪ್ಪಿಕೊಂಡಂತಾಯಿತು. ಪ್ರಶಸ್ತಿ ಬರುವ ದಾರಿ ಹೀಗೆ: ಕಣದಲ್ಲಿದ್ದ ಅಧಿಕಾರಿ ನಡೆದುದನ್ನು ಬರೆದು ಶಿಫಾರಸು ಮಾಡಬೇಕು, ಅದು ಮೆಟ್ಟಲು ಮೆಟ್ಟಲಾಗಿ ಮೇಲಿನ ಕಚೇರಿಗಳಿಗೆ ಏರಬೇಕು, ಸಮಿತಿ ಒಪ್ಪಬೇಕು, ರಕ್ಷಣಾ ಇಲಾಖೆಯನ್ನು ದಾಟಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಗೆಜೆಟ್ಟಿನಲ್ಲಿ ಅಚ್ಚಾಗಬೇಕು. ಮೊದಲ ಮೆಟ್ಟಲಿನಲ್ಲೇ ಒಂದು ಪ್ರಶ್ನೆ ಕಾದಿರುತ್ತದೆ: ಕಂಡವರು ಯಾರು?

ಈ ಪ್ರಶ್ನೆ ತಪ್ಪೆಂದು ನಾನು ಹೇಳುವುದಿಲ್ಲ. ಯುದ್ಧವಾದ ಮೇಲೆ ಕತೆಗಳಿಗೆ ಬರವಿಲ್ಲ. ಸಾಕ್ಷಿ ಕೇಳದೆ ಪದಕ ಹಂಚಿದರೆ ನಿಜವಾಗಿ ಕಾದಿದವನ ಪದಕಕ್ಕೂ ಬೆಲೆ ಉಳಿಯದು. ಆದರೆ ಒಂಟಿಯಾಗಿ ಕಾದವನ ಗತಿಯೇನು? ಅವನು ಹಿಂದಿರುಗದಿದ್ದರೆ? ಅವನ ಕಲಿತನವನ್ನು ಕಂಡವನು ಶತ್ರು ಒಬ್ಬನೇ ಆಗಿದ್ದರೆ? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಕೊಡಗಿನ ಒಬ್ಬ ವೀರನ ವಿಷಯದಲ್ಲಿ ನಡೆದುದೇ ಹೀಗೆ.

ಅಜ್ಜಮಾಡ ಬೋಪಯ್ಯ ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ಭಾರತದ ವಾಯುಪಡೆಗೆ ವಿಮಾನಚಾಲಕರಾಗಿ ಸೇರಿದರು. ಗೆಳೆಯರ ಬಾಯಲ್ಲಿ ಅವರು ‘ಟಬ್ಬಿ’. ಹೊಸಬರಿಗೆ ಹಾರಾಟ ಕಲಿಸುವ ಗುರುವಾಗಿದ್ದವರು. 1965ರ ಯುದ್ಧ ಬಂದಾಗ ಅವರನ್ನು 1ನೆಯ ಸ್ಕ್ವಾಡ್ರನ್ನಿಗೆ ಕಳುಹಿಸಿದರು. ‘ಹುಲಿಗಳು’ ಎಂದು ಹೆಸರಾದ ಆ ದಳ ಆಗ ಪಂಜಾಬಿನ ಆದಂಪುರದಲ್ಲಿತ್ತು. ಅದರ ಬಳಿ ಇದ್ದದ್ದು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ವಿಮಾನಗಳು. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್; ಮನೆಯ ಕೋವಿ, ಕತ್ತಿಗಳಿಗೆ ಹೂವಿಟ್ಟು ಪೂಜೆ. ಆ ವರ್ಷ ಹಬ್ಬ ಮುಗಿದು ನಾಲ್ಕನೆಯ ದಿನ ದೇವಯ್ಯನವರ ಪಾಲಿನ ಯುದ್ಧ ಬಂತು.

ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿ ಮಾಡಬೇಕೆಂದು ಅಪ್ಪಣೆಯಾಯಿತು. ಸರಗೋಧಾ ಎಂದರೆ ಶತ್ರುವಿನ ವಾಯುಬಲದ ಎದೆಗೂಡು. ಹನ್ನೆರಡು ಮಿಸ್ಟೇರ್‌ಗಳು ಹೋಗತಕ್ಕದ್ದು. ವಿಂಗ್ ಕಮ್ಯಾಂಡರ್ ಓಂ ಪ್ರಕಾಶ್ ತನೇಜಾ ಅವರು ಮುಂದಾಳು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವ ವಿಮಾನವಾದರೂ ಕೈಕೊಟ್ಟರೆ ಅದರ ಜಾಗ ತುಂಬಲು ಅವರನ್ನು ಹೆಚ್ಚುವರಿಯಾಗಿ ಇಟ್ಟಿದ್ದರು. ಕತ್ತಲಲ್ಲಿ ಏರಿ, ರೇಡಿಯೊ ಮಾತಿಲ್ಲದೆ, ನೆಲಕ್ಕೆ ಒತ್ತಿಕೊಂಡು ಹಾರುವ ಯಾತ್ರೆ ಅದು. ದಂಡಿನಲ್ಲಿ ಕೊರತೆ ಬಿತ್ತು, ದೇವಯ್ಯನವರು ಕೂಡಿಕೊಂಡರು.

ದಾಳಿ ಮುಗಿಸಿ ಮಿಸ್ಟೇರ್‌ಗಳು ಹಿಂದಿರುಗುವಾಗ ಮೇಲಿನಿಂದ ಒಂದು ಸ್ಟಾರ್‌ಫೈಟರ್ ಬಂದೆರಗಿತು. ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟಿದ್ದ ಈ ವಿಮಾನಗಳು ಒಂದು ಡಜನ್. ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲವು, ಬೆನ್ನಟ್ಟಿ ಹೊಡೆಯುವ ಕ್ಷಿಪಣಿಗಳನ್ನು ಹೊತ್ತವು. ಮಿಸ್ಟೇರ್ ಸಮತಲದಲ್ಲಿ ಹಾರುವಾಗ ಶಬ್ದದ ವೇಗವನ್ನೇ ದಾಟಲಾರದು; ಅದಕ್ಕಿದ್ದದ್ದು ಫಿರಂಗಿಗಳು ಮಾತ್ರ. ಸ್ಟಾರ್‌ಫೈಟರನ್ನು ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಇದರ ಕತೆ ಮುಗಿಯಿತೆಂದು ಬಗೆದು ಅವರು ಮುಂದಿನ ಬೇಟೆಯ ಕಡೆ ತಿರುಗಿದರು. ಆದರೆ ಗಾಯಗೊಂಡ ಮಿಸ್ಟೇರ್ ಮನೆಯ ದಾರಿ ಹಿಡಿಯಲಿಲ್ಲ, ಹಿಂದಕ್ಕೆ ಹೊರಳಿತು. ಅಷ್ಟು ಕೆಳಗೆ, ಸುತ್ತಿ ಸುಳಿದು ಕಾದುವ ಕಾಳಗದಲ್ಲಿ ವೇಗದ ಹೆಚ್ಚಳ ಉಪಯೋಗಕ್ಕೆ ಬಾರದು. ದೇವಯ್ಯನವರ ಫಿರಂಗಿ ಸ್ಟಾರ್‌ಫೈಟರನ್ನು ಉರುಳಿಸಿತು. ಅಮ್ಜದ್ ಹುಸೇನರು ಹೊರಕ್ಕೆ ಚಿಮ್ಮಿ, ಕೊಡೆ ಬಿಚ್ಚಿ ಬದುಕಿದರು. ದೇವಯ್ಯನವರ ವಿಮಾನವೂ ಬಿತ್ತು, ಅವರು ಬದುಕಲಿಲ್ಲ. ಆಗ ಅವರಿಗೆ ಮೂವತ್ತೆರಡು ವರ್ಷ.

ಹೀಗೆಲ್ಲ ನಡೆಯಿತೆಂದು ಈಗ ನಾನು ಬರೆಯಬಲ್ಲೆ. ಅಂದು ಆದಂಪುರದಲ್ಲಿ ಇದನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಉಳಿದ ವಿಮಾನಗಳು ಒಂದೊಂದಾಗಿ ಇಳಿದವು. ಚಾಲಕರು ತಾವು ಕಂಡುದನ್ನು ವರದಿ ಮಾಡಿದರು. ದೇವಯ್ಯನವರು ಬರಲಿಲ್ಲ, ಅವರಿಗೆ ಏನಾಯಿತೆಂದು ಕಂಡವರು ಯಾರೂ ಇಲ್ಲ. ಶತ್ರುವಿನ ಗುಂಡೋ, ಎಣ್ಣೆ ತೀರಿತೋ, ದಾರಿ ತಪ್ಪಿತೋ? ಪುಸ್ತಕದಲ್ಲಿ ಬರೆದುದು ‘ಕಾಣೆಯಾಗಿದ್ದಾರೆ’ ಎಂದಷ್ಟೇ. ಕಾಲ ಕಳೆದಂತೆ ಮಡಿದವರೆಂದು ಎಣಿಸಿದರು. ಆ ದಾಳಿಯ ನಾಯಕರಾದ ತನೇಜಾ ಅವರಿಗೆ ವೀರ ಚಕ್ರ ಬಂತು. ಅದು ಯೋಗ್ಯವಾಗಿಯೇ ಬಂತು. ದೇವಯ್ಯನವರ ಹೆಸರಿನ ಮುಂದೆ ಏನೂ ಇರಲಿಲ್ಲ.

ಆ ‘ಏನೂ ಇಲ್ಲ’ ಎಂಬುದರ ಭಾರ ಎಷ್ಟೆಂದು ಊಹಿಸಬೇಕು. ಕೊಡಗು ಸೈನ್ಯಕ್ಕೆ ಹೆಸರಾದ ನಾಡು. ಜನರಲ್ ತಿಮ್ಮಯ್ಯನವರ ಊರು, ಕಾರ್ಯಪ್ಪನವರ ಊರು. ಕಾರ್ಯಪ್ಪನವರಿಗೂ ಫೀಲ್ಡ್ ಮಾರ್ಷಲ್ ಪದವಿ ಬಂದುದು 1986ರಲ್ಲಿ, ನಿವೃತ್ತರಾಗಿ ಮೂವತ್ತಮೂರು ವರ್ಷವಾದ ಮೇಲೆ. ಅಂಥ ನಾಡಿನಲ್ಲಿ ಒಂದು ಮನೆಗೆ ‘ಕಾದಿ ಮಡಿದ’ ಎಂಬ ಮಾತಿಗೂ ‘ಕಾಣೆಯಾದ’ ಎಂಬ ಮಾತಿಗೂ ಇರುವ ಅಂತರ ಸಣ್ಣದಲ್ಲ. ಮೊದಲನೆಯದಕ್ಕೆ ಅತ್ತು ಸಮಾಧಾನ ತಂದುಕೊಳ್ಳಬಹುದು. ಎರಡನೆಯದರಲ್ಲಿ ಬಾಗಿಲು ಮುಚ್ಚುವುದೇ ಇಲ್ಲ; ಬೀದಿಯಲ್ಲಿ ಹೆಜ್ಜೆಯ ಸಪ್ಪಳವಾದರೆ ಮನೆಯವರು ಕಿವಿಗೊಡುತ್ತಾರೆ.

ಹದಿನಾಲ್ಕು ವರ್ಷ ಹೀಗೆ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು 1965ರ ವಾಯುಯುದ್ಧವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನದ ವಾಯುಪಡೆಯವರು ಒದಗಿಸಿದ ಸಾಮಗ್ರಿಯಿಂದ, ಬಹುಮಟ್ಟಿಗೆ ಅವರ ದೃಷ್ಟಿಯಿಂದಲೇ ಬರೆದ ಪುಸ್ತಕ. ಭಾರತದ ಯೋಧನನ್ನು ಹೊಗಳುವ ಉದ್ದೇಶ ಅದಕ್ಕಿರಲಿಲ್ಲ. ಆದರೂ ಸೆಪ್ಟೆಂಬರ್ 7ರ ಬೆಳಗ್ಗೆ ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಒಂದರೊಡನೆ ಕಾದಾಡಿ ಬಿದ್ದ ಸಂಗತಿ ಅದರಲ್ಲಿತ್ತು. ಇತ್ತಲಿಂದ ಅದನ್ನು ಓದಿದವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಆ ನಸುಕಿನ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಹಿಂದಿರುಗದೆ ಉಳಿದದ್ದು ಒಂದೇ. ಹಿಂದಿರುಗಿದವರಲ್ಲಿ ಯಾರೂ ಸ್ಟಾರ್‌ಫೈಟರನ್ನು ಕೆಡವಿದೆನೆಂದು ಹೇಳಿರಲಿಲ್ಲ. ಹಾಗಾದರೆ ಕೆಡವಿದವರು ಯಾರೆಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಆದರೆ ಸಂದೇಹ ತೀರಿದ ಮಾತ್ರಕ್ಕೆ ದಾಖಲೆ ತಿದ್ದಲಾಗದು. ಯುದ್ಧದ ಪ್ರಶಸ್ತಿಗಳ ಲೆಕ್ಕ ಎಂದೋ ಮುಗಿದಿತ್ತು. ಮುಗಿದ ಕಡತವನ್ನು ತೆರೆಸುವುದು ಹೂತ ಗಡಿಗೆಯನ್ನು ತೆಗೆಸಿದಷ್ಟೇ ಕಷ್ಟ. ಆಗ ಅಂದಿನ ನಾಯಕರಾದ ತನೇಜಾ ಅವರು ತಮ್ಮೊಡನೆ ಹಾರಿ ಮರಳದ ಗೆಳೆಯನ ಪರವಾಗಿ ಲೇಖನಿ ಹಿಡಿದರು. ವಾಯುಪಡೆಯ ಇತಿಹಾಸ ಬರೆಯುತ್ತಿದ್ದವರು ಸಾಕ್ಷ್ಯವನ್ನು ತಾಳೆ ನೋಡಿದರು. 1988ರಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಸಾರಿದರು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಕೆಲಸ ನಡೆದು ಇಪ್ಪತ್ತಮೂರು ವರ್ಷವಾಗಿತ್ತು. ಲೆಕ್ಕ ಬಿಡಿಸಿ ನೋಡಿದರೆ, ನಿಜ ಹೊರಬೀಳಲು ಹದಿನಾಲ್ಕು ವರ್ಷ. ಹೊರಬಿದ್ದ ನಿಜ ಕಾಗದವಾಗಲು ಇನ್ನೊಂಬತ್ತು ವರ್ಷ.

ಈ ಕತೆಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಕಾಡುವ ಭಾಗ ಇನ್ನೊಂದಿದೆ. ಅಂದು ಬದುಕಿದ ಅಮ್ಜದ್ ಹುಸೇನರು 1971ರ ಡಿಸೆಂಬರಿನಲ್ಲಿ ಮತ್ತೆ ಸ್ಟಾರ್‌ಫೈಟರಿನಲ್ಲಿ ಬಂದರು. ಅಮೃತಸರದ ಬಳಿ ನಮ್ಮ ನೆಲದ ಫಿರಂಗಿಗಳ ಹೊಡೆತಕ್ಕೆ ಸಿಕ್ಕಿ ಭಾರತದಲ್ಲಿ ಯುದ್ಧಕೈದಿಯಾದರು. ದೇವಯ್ಯನವರ ಕಲಿತನಕ್ಕೆ ಜಗತ್ತಿನಲ್ಲಿದ್ದ ಕಣ್ಣಾರೆ ಕಂಡ ಸಾಕ್ಷಿ ನಮ್ಮ ಕಾವಲಿನಲ್ಲೇ ಇದ್ದು, ಬಿಡುಗಡೆಯಾಗಿ ಊರಿಗೆ ಹೋದರು. ನಮ್ಮ ಪುಸ್ತಕದಲ್ಲಿ ‘ಕಾಣೆ’ ಎಂಬ ಮಾತು ಹಾಗೆಯೇ ಉಳಿಯಿತು. ಉತ್ತರ ಮನೆಯೊಳಗೇ ಇದ್ದರೂ ಪ್ರಶ್ನೆ ಇದೆಯೆಂದು ತಿಳಿಯದಿದ್ದರೆ ಏನು ಪ್ರಯೋಜನ?

ಒಬ್ಬೊಬ್ಬ ಯೋಧನ ಮಾತು ಹೀಗಾದರೆ, ಇಡೀ ದಳಗಳ ಕೀರ್ತಿಯೂ ಹಂಚಿಕೆಯಲ್ಲಿ ಏರುಪೇರಾಗುವುದುಂಟು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಹಿಡಿದ ಕುದುರೆದಂಡಿನಲ್ಲಿ ಜೋಧಪುರದವರೂ ನಮ್ಮ ಮೈಸೂರು ಲ್ಯಾನ್ಸರ್ಸ್‌ನವರೂ ಜೊತೆಗಿದ್ದರು. ಕಾರ್ಮೆಲ್ ಗುಡ್ಡದ ಇಳಿಜಾರು ಹತ್ತಿ ಮೇಲಿನ ತೋಪುಗಳ ಬಾಯಿ ಮುಚ್ಚಿಸುವ ಕೆಲಸ ಮೈಸೂರಿನವರ ಪಾಲಿಗೆ ಬಂದಿತ್ತು. ಆ ದಿನ 1,350 ಮಂದಿ ಸೆರೆಸಿಕ್ಕರು. ಆದರೆ ಹೈಫಾದ ವೀರನೆಂದು ಲೋಕಕ್ಕೆ ತಿಳಿದ ಹೆಸರು ಜೋಧಪುರದ ಮೇಜರ್ ದಳಪತ್ ಸಿಂಗರದು. ಅವರು ಪಟ್ಟಣದ ಬಾಗಿಲಲ್ಲಿ ಪ್ರಾಣ ಕೊಟ್ಟವರು. ಅವರ ಕೀರ್ತಿಯಲ್ಲಿ ಒಂದು ಎಳೆಯೂ ಕಡಿಮೆಯಾಗಬೇಕಿಲ್ಲ. ಗುಡ್ಡ ಹತ್ತಿದ ಮೈಸೂರಿನ ಸವಾರರ ಹೆಸರು ಹೇಳಿರೆಂದರೆ ಮಾತ್ರ ನಮ್ಮಲ್ಲೇ ಎಷ್ಟು ಮಂದಿ ಹೇಳಬಲ್ಲೆವು?

ಇಷ್ಟು ದೂರದ ಮಾತು ಸಾಕು. ನನ್ನ ಸೀಮೆಗೆ ಬರುತ್ತೇನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್‌ನವರ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. 615 ಎಕರೆ ಆವರಣ. ಕಾವಲು ಎಂದರೆ ಮೊದಲಿನಿಂದ ಹುಲ್ಲುಗಾವಲು. ಮೈಸೂರು ಸಂಸ್ಥಾನದಲ್ಲಿ ಇಂಥ ಅನೇಕ ಕಾವಲುಗಳನ್ನು ಅಮೃತಮಹಲ್ ದನಗಳಿಗೆ ಮೀಸಲಿಟ್ಟಿದ್ದರು. ಅವು ಉಳುವ ಎತ್ತುಗಳಲ್ಲ, ದಂಡಿನ ಎತ್ತುಗಳು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗೆಜೆಟಿಯರು ಬರೆದಿಟ್ಟಿದೆ. ಪಕ್ಕದ ಕುಣಿಗಲ್ಲಿನಲ್ಲಿ ಕುದುರೆಗಳ ಸಾಕಣೆ. ಅಲ್ಲಿ ಹುಟ್ಟುವ ಪಂದ್ಯದ ಕುದುರೆಗೆ ತಂದೆ ತಾಯಿಯ ಹೆಸರು ಸಹಿತ ವಂಶಾವಳಿ ಇರುತ್ತದೆ. ಇನ್ನು ವಿಮಾನದ ಮಾತು ಕೇಳಬೇಕಿಲ್ಲ. ಅದು ಹಾರಿದ ಪ್ರತಿಯೊಂದು ಗಂಟೆ, ಬದಲಿಸಿದ ಪ್ರತಿಯೊಂದು ಭಾಗ, ಬಿಗಿದವನ ಸಹಿ, ನೋಡಿದವನ ಸಹಿ ಎಲ್ಲವೂ ಪುಸ್ತಕದಲ್ಲಿ ಬರಬೇಕು. ಎತ್ತಿಗೆ ಲೆಕ್ಕ, ಕುದುರೆಗೆ ಲೆಕ್ಕ, ಯಂತ್ರಕ್ಕೆ ಲೆಕ್ಕ. ಇವುಗಳ ಮೇಲೆ ಕುಳಿತು ಹೋದ ಮನುಷ್ಯನ ಲೆಕ್ಕದಲ್ಲಿ ಮಾತ್ರ ಒಂದೊಂದು ಸಾಲು ಹೇಗೋ ತಪ್ಪಿಹೋಗುತ್ತದೆ.

ಇದನ್ನು ನಾನು ಬರಿಯ ಓದಿನಿಂದ ಹೇಳುತ್ತಿಲ್ಲ. ಕಾವಲಿಗೆ ಎರಡು ಹರದಾರಿಯ ಹಳ್ಳಿಯೊಂದರಲ್ಲಿ ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ. ಸೈನ್ಯದಲ್ಲಿ ಲಾರಿ ನಡೆಸಿದವರು. 1971ರ ಯುದ್ಧದಲ್ಲಿ ಪೂರ್ವದ ರಂಗದಲ್ಲಿ ಮದ್ದುಗುಂಡು ಹೊತ್ತ ಲಾರಿಯನ್ನು ಮುರಿದ ಸೇತುವೆಗಳ ಪಕ್ಕದಲ್ಲಿ, ರಾತ್ರಿ ದೀಪವಿಲ್ಲದೆ ನಡೆಸಿದರು. ಆ ರಂಗದಲ್ಲಿ ಇದ್ದವರಿಗೆ ‘ಪೂರ್ವಿ ಸ್ಟಾರ್’ ಎಂಬ ಪದಕ ಉಂಟು. ಪಶ್ಚಿಮದವರಿಗೆ ‘ಪಶ್ಚಿಮಿ ಸ್ಟಾರ್’. ಇವರ ಬಿಡುಗಡೆಯ ಪುಸ್ತಕದಲ್ಲಿ ಆ ಸಾಲಿಲ್ಲ. ಕಾರಣ ಸರಳ. ಆ ಕೆಲವು ವಾರ ಅವರನ್ನು ಸ್ವಂತ ದಳದಿಂದ ಇನ್ನೊಂದು ದಳಕ್ಕೆ ಎರವಲು ಕೊಟ್ಟಿದ್ದರು. ಮೊದಲಿನವರು, ಆಗ ಇವನು ನಮ್ಮಲ್ಲಿರಲಿಲ್ಲ ಎಂದು ಪಟ್ಟಿಯಿಂದ ಬಿಟ್ಟರು. ಎರಡನೆಯವರು, ಇವನು ನಮ್ಮವನಲ್ಲ ಎಂದು ಪಟ್ಟಿಗೆ ಸೇರಿಸಲಿಲ್ಲ. ತವರಿನವರು ಗಂಡನ ಮನೆ ತೋರಿಸಿದರು, ಗಂಡನ ಮನೆಯವರು ತವರು ತೋರಿಸಿದರು.

ಅವರ ಪರವಾಗಿ ಅರ್ಜಿ ಬರೆದುಕೊಟ್ಟವನು ನಾನು. ಮೊದಲ ಅರ್ಜಿಗೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ನಿಮ್ಮ ಹೇಳಿಕೆಗೆ ಆಧಾರ ಒದಗಿಸಿರಿ ಎಂದು ಒಂದು ಪತ್ರ ಬಂತು. ಮುದುಕರು ಅದನ್ನು ಎರಡು ಸಲ ಓದಿಸಿಕೊಂಡರು. “ಆಧಾರ ಅಂದರೆ ಏನು ಸ್ವಾಮಿ? ಪುಸ್ತಕದಲ್ಲಿ ಬರೆದಿರೋದೇ ಆಧಾರ ಅಂತಾರೆ. ಪುಸ್ತಕದಲ್ಲಿ ಬರೆದಿಲ್ಲ ಅಂತಲೇ ಅಲ್ಲವೇ ನಾನು ಅರ್ಜಿ ಹಾಕಿರೋದು?” ಎಂದು ಕೇಳಿದರು. ಈ ಪ್ರಶ್ನೆಗಿಂತ ಚೊಕ್ಕವಾಗಿ ಈ ವಿಷಯವನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ. ಆ ಪದಕದಿಂದ ಪಿಂಚಣಿ ಒಂದು ಕಾಸೂ ಹೆಚ್ಚುವುದಿಲ್ಲ. ಅದು ಅವರಿಗೂ ಗೊತ್ತು. “ದುಡ್ಡು ಬೇಡ. ನಾನು ಅಲ್ಲಿದ್ದೆ ಅಂತ ಒಂದು ಗೆರೆ ಬರೀಲಿ, ಸಾಕು” ಎನ್ನುತ್ತಾರೆ.

ಕಚೇರಿಯವರದೆಲ್ಲ ಕಠಿಣ ಹೃದಯವೆಂದು ತೀರ್ಮಾನಿಸುವುದೂ ಸರಿಯಲ್ಲ. ಲಕ್ಷಾಂತರ ಕಡತಗಳ ನಡುವೆ ಕುಳಿತ ಗುಮಾಸ್ತ ತಾನು ಕಾಣದ ಯುದ್ಧಕ್ಕೆ ತಾನಾಗಿ ಸಾಕ್ಷಿಯಾಗಲಾರ. ಈ ಕಷ್ಟ ನಮ್ಮ ದೇಶದ್ದು ಮಾತ್ರವೂ ಅಲ್ಲ. ಅಮೆರಿಕದಲ್ಲಿ ಸೈನಿಕರ ದಾಖಲೆಗಳ ತಪ್ಪು ತಿದ್ದುವುದಕ್ಕೆಂದೇ 1946ರ ಕಾನೂನಿನಿಂದ ಮಂಡಳಿಗಳು ಏರ್ಪಟ್ಟವು. ಅಲ್ಲಿಯೂ 1973ರಲ್ಲಿ ಸೇಂಟ್ ಲೂಯಿಯ ದಾಖಲೆಗಳ ಭವನಕ್ಕೆ ಬೆಂಕಿ ಬಿದ್ದು, ಒಂದೂವರೆ ಕೋಟಿಗೂ ಹೆಚ್ಚು ಮಂದಿಯ ಕಡತ ಬೂದಿಯಾಯಿತು. ಇನ್ನು ಬಣ್ಣದ ಕಾರಣದಿಂದ ತಪ್ಪಿದ ಮನ್ನಣೆಯ ಲೆಕ್ಕ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಕಾದಿದ ಏಳು ಮಂದಿ ಕರಿಯ ಸೈನಿಕರಿಗೆ ಆ ದೇಶದ ಅತ್ಯುನ್ನತ ಪದಕ ಸಂದುದು 1997ರ ಜನವರಿಯಲ್ಲಿ. ಅದನ್ನು ಕೈಯಾರೆ ಪಡೆಯಲು ಏಳರಲ್ಲಿ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ನಮ್ಮಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾನೂನಿನಂತೆ 2009ರಲ್ಲಿ ಕೆಲಸ ಆರಂಭಿಸಿತು. ಹಳ್ಳಿಯ ಮುದುಕನಿಗೆ ಆ ಬಾಗಿಲು ದೂರ. ದೂರವಾದರೂ ಬಾಗಿಲೊಂದಿದೆ ಎಂಬುದು ಸಣ್ಣ ಸಂಗತಿಯಲ್ಲ.

ಆದರೆ ನ್ಯಾಯಮಂಡಳಿಯೂ ಸಾಕ್ಷಿಯನ್ನೇ ಕೇಳುತ್ತದೆ. ಎಲ್ಲ ದಾರಿಗಳೂ ಹಲ್ಮಿಡಿಯ ಆ ಮಾತಿಗೇ ಬಂದು ನಿಲ್ಲುತ್ತವೆ: ವೀರರ ಎದುರಿಗೆ. ದೇವಯ್ಯನವರ ಪಾಲಿಗೆ ಸಾಕ್ಷಿ ದೊರೆತದ್ದು ಅದೃಷ್ಟ. ಶತ್ರು ಬದುಕಿದ್ದ, ಒಬ್ಬ ವಿದೇಶಿ ಲೇಖಕ ಅದನ್ನು ಬರೆದ, ಅದನ್ನು ಓದಿ ಎದ್ದು ನಿಲ್ಲಲು ಹಳೆಯ ನಾಯಕ ಇನ್ನೂ ಇದ್ದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಇಂದಿಗೂ ಅವರು ‘ಕಾಣೆ’ಯೇ. ಅಷ್ಟಾದರೂ ಕತೆ ಪೂರ್ತಿ ಮುಗಿದಿಲ್ಲ. 2025ರಲ್ಲಿ ಅವರ ಸಾಹಸದಿಂದ ಪ್ರೇರಣೆ ಪಡೆದು ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರ ತೆರೆಗೆ ಬಂತು. ಲಕ್ಷಾಂತರ ಜನ ನೋಡಿದರು. ತೆರೆಯ ಮೇಲಿನ ವೀರನಿಗೆ ಇಟ್ಟಿದ್ದ ಹೆಸರು ಮಾತ್ರ ಬೇರೆ. ಕತೆಗಾರನಿಗೆ ಆ ಸ್ವಾತಂತ್ರ್ಯ ಉಂಟು, ಒಪ್ಪುತ್ತೇನೆ. ಆದರೆ ಇಪ್ಪತ್ತಮೂರು ವರ್ಷ ಕಾದು ಗೆಜೆಟ್ಟಿಗೆ ಬಂದ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ನಮ್ಮ ಮಕ್ಕಳಿಗೆ ಆ ಹೆಸರನ್ನೇ ಹೇಳಿಕೊಡಬೇಕು.

ಇನ್ನೊಂದು ಕೆಲಸವೂ ನಮ್ಮ ಕೈಯಲ್ಲಿದೆ. ಪ್ರತಿ ಊರಿನಲ್ಲೂ ಸೈನ್ಯದಿಂದ ಬಂದವರು ಒಬ್ಬಿಬ್ಬರಾದರೂ ಇರುತ್ತಾರೆ. ಸ್ವಾತಂತ್ರ್ಯದ ದಿನ ಅವರ ಕೊರಳಿಗೆ ಹಾರ ಹಾಕಿ, ಸಿಹಿ ಹಂಚಿ ಕಳಿಸಿಬಿಡುತ್ತೇವೆ. ಅದರ ಬದಲು ಊರಿನ ಶಾಲೆಯವರೋ ಪುಸ್ತಕ ಭಂಡಾರದವರೋ ಒಂದು ದಪ್ಪ ನೋಟುಪುಸ್ತಕ ತಂದಿಡಲಿ. ಯಾವ ದಳ, ಯಾವ ಇಸವಿ, ಯಾವ ರಂಗ, ಮೇಲಧಿಕಾರಿ ಯಾರು, ಪಕ್ಕದಲ್ಲಿದ್ದವರು ಯಾರು, ಅವರ ಊರು ಯಾವುದು, ಇಷ್ಟನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳಲಿ. ಅದರ ಕೆಳಗೆ ದಿನಾಂಕ ಹಾಕಿ, ಕೇಳಿದವರು ಸಹಿ ಮಾಡಲಿ. ಇದು ಸರ್ಕಾರದ ದಾಖಲೆಯಾಗದು. ಆದರೆ ಸರ್ಕಾರದ ದಾಖಲೆ ತಪ್ಪಿದಾಗ ಅದನ್ನು ತಿದ್ದಲು ಎಲ್ಲಿಂದ ಹೊರಡಬೇಕೆಂದು ತಿಳಿಸುತ್ತದೆ. ‘ಪಕ್ಕದಲ್ಲಿದ್ದವರು ಯಾರು’ ಎಂಬ ಅಂಕಣವನ್ನು ಮಾತ್ರ ಖಾಲಿ ಬಿಡಬಾರದು.

ನನ್ನ ಹಿರಿಯರ ಮೂರನೆಯ ಅರ್ಜಿಗೆ ನಾವು ಆ ಅಂಕಣವನ್ನೇ ತುಂಬಲು ಹೊರಟೆವು. ಅವರೊಡನೆ ಅದೇ ರಸ್ತೆಯಲ್ಲಿ ಲಾರಿ ನಡೆಸಿದವರು ಇಬ್ಬರು ನೆನಪಿಗೆ ಬಂದರು. ಒಬ್ಬರು ಹಾಸನದ ಕಡೆಯವರು, ಮತ್ತೊಬ್ಬರು ಆಂಧ್ರದವರು. ಹಾಸನದವರು ಎರಡು ಪುಟ ಬರೆದು ಸಹಿ ಮಾಡಿ ಕಳುಹಿಸಿದರು; ಸೇತುವೆಯ ಹೆಸರು ಕೂಡ ಅವರಿಗೆ ಜ್ಞಾಪಕವಿತ್ತು. ಆಂಧ್ರದ ವಿಳಾಸಕ್ಕೆ ಹಾಕಿದ ಪತ್ರಕ್ಕೆ ಅವರ ಮಗ ಉತ್ತರ ಬರೆದ. ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಒಂದೇ ಸಾಕ್ಷಿಯೊಡನೆ ಅರ್ಜಿ ಹೋಗಿದೆ.